ಕಾರ್ಡಿನ ಬಹುಮಾನವೂ ಪರಿಗ್ರಹ ಪರಿಮಾಣವೂ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ವಸ್ತ್ರ, ಪಾತ್ರೆ ಮೊದಲಾದವುಗಳಿಗೆ ತನಗೆ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳುತ್ತಾನೆ. ಈ ಎಣಿಕೆ ರೂಪುಗೊಂಡ ಕಾಲದಲ್ಲಿ ಇಲ್ಲದಿದ್ದ ಅನೇಕ ವಸ್ತುಗಳು ಇಂದಿನ ಗೃಹಸ್ಥನ ಮನೆಯಲ್ಲಿವೆ. ಅವುಗಳಲ್ಲಿ ಕ್ರೆಡಿಟ್ ಕಾರ್ಡು ವಿಚಿತ್ರವಾದ ವಸ್ತು. ಅದು ಹಣವಲ್ಲ, ಬೇಕಾದಾಗ ಸಾಲ ಪಡೆಯುವುದಕ್ಕೆ ಮುಂಚಿತವಾಗಿಯೇ ದೊರೆತಿರುವ ಒಪ್ಪಿಗೆ ಮಾತ್ರ. ಕಪಾಟಿನಲ್ಲಿ ನಾಲ್ಕು ಕಾರ್ಡುಗಳಿದ್ದರೂ ಮನೆಯ ಆಸ್ತಿ ಒಂದು ರೂಪಾಯಿಯಷ್ಟೂ ಹೆಚ್ಚುವುದಿಲ್ಲ. ಆದುದರಿಂದ ಇದು ವ್ರತದ ಲೆಕ್ಕಕ್ಕೆ ಬರುವುದೇ ಇಲ್ಲವೆಂದು ತೋರುವುದು ಸಹಜ. ಆದರೆ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನ ಬೆಲೆಯಲ್ಲಿ ಹೇಳಲಿಲ್ಲ, ಮೂರ್ಛೆಯಲ್ಲಿ ಹೇಳಿದರು. ಬೆಲೆಯಿಲ್ಲದ ವಸ್ತುವಿನಲ್ಲಿಯೂ ಮೂರ್ಛೆ ಉಂಟಾಗಬಲ್ಲದು. ಕಾರ್ಡಿನೊಂದಿಗೆ ಬರುವ ಬಹುಮಾನದ ಪಾಯಿಂಟುಗಳು ಇದಕ್ಕೆ ತಕ್ಕ ಉದಾಹರಣೆ. ಹೀಗಿರುವಾಗ, ಕೈಯಲ್ಲಿರುವ ಕಾರ್ಡುಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಯೋಗ್ಯ, ಯಾವುದನ್ನು ಬಿಡುವುದು ಯೋಗ್ಯ ಎಂಬ ಪ್ರಶ್ನೆ ಬರಿಯ ಲಾಭನಷ್ಟದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಾರ್ಡಿನ ಇತಿಹಾಸ ದೀರ್ಘವಾದುದಲ್ಲ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ಬಿನ ಕಾರ್ಡು ಪ್ರಾರಂಭವಾಯಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೋ ಪಟ್ಟಣದಲ್ಲಿ ಸುಮಾರು 60,000 ಜನರಿಗೆ, ಅವರು ಕೇಳದಿದ್ದರೂ, ಅಂಚೆಯ ಮೂಲಕ ಕಾರ್ಡುಗಳನ್ನು ಕಳುಹಿಸಿತು. ಭಾರತದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕಾರ್ಡನ್ನು ಹೊರತಂದಿತು. ಆರಂಭದ ಕಾರ್ಡುಗಳು ಸಾಲದ ಅನುಕೂಲವನ್ನು ಮಾತ್ರ ನೀಡುತ್ತಿದ್ದವು. ಖರ್ಚು ಮಾಡಿದವನಿಗೆ ಅವನ ಖರ್ಚಿನ ಒಂದಂಶವನ್ನು ಮರಳಿಸುವ ಪದ್ಧತಿಯನ್ನು 1986ರಲ್ಲಿ ಅಮೆರಿಕದಲ್ಲಿ ಬಂದ ಡಿಸ್ಕವರ್ ಕಾರ್ಡು ಪ್ರಸಿದ್ಧಗೊಳಿಸಿತು. ಸಾಲ ಕೊಡುವವನೇ ಸಾಲ ಪಡೆದವನಿಗೆ ಬಹುಮಾನ ಕೊಡುವ ಈ ರೀತಿ ಹಿಂದಿನ ಯಾವ ಸಾಹುಕಾರನಿಗೂ ತಿಳಿದಿರಲಿಲ್ಲ. ಲೋಕದಲ್ಲಿ ಯಾರೂ ಕಾರಣವಿಲ್ಲದೆ ದಾನ ಮಾಡುವುದಿಲ್ಲವೆಂಬುದನ್ನು ಬಲ್ಲ ವರ್ತಕ ಕುಲದವರಿಗಾದರೂ ಇಲ್ಲಿ ಒಂದು ಸಂದೇಹ ಹುಟ್ಟಬೇಕು.

ಮೊದಲು ಲೆಕ್ಕವನ್ನೇ ನೋಡಬಹುದು. ಶ್ರಾವಕನಿಗೆ ಲೆಕ್ಕವು ನಿಷಿದ್ಧವಲ್ಲ. ತಪ್ಪು ಲೆಕ್ಕದ ಮೇಲೆ ನಿಂತ ವ್ರತವೂ ಅಸ್ಥಿರ. ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅದರಲ್ಲಿ ಕಾರ್ಡಿನ ಮೂಲಕ ಕೊಡಬಹುದಾದ ಸಹಜ ಖರ್ಚು ವರ್ಷಕ್ಕೆ 1,80,000 ರೂಪಾಯಿ. ಮನೆಯಲ್ಲಿ ಮೂರು ಕಾರ್ಡುಗಳಿವೆ. ಮೊದಲನೆಯದಕ್ಕೆ ವಾರ್ಷಿಕ ಶುಲ್ಕವಿಲ್ಲ. ಖರ್ಚಿನಲ್ಲಿ ನೂರಕ್ಕೆ 1 ರೂಪಾಯಿ ಮರಳುತ್ತದೆ. ಎರಡನೆಯದಕ್ಕೆ ಶುಲ್ಕ 2,500 ರೂಪಾಯಿ, ಅದರ ಮೇಲೆ ನೂರಕ್ಕೆ 18ರ ತೆರಿಗೆ 450 ರೂಪಾಯಿ, ಒಟ್ಟು 2,950. ಮರಳುವುದು ನೂರಕ್ಕೆ 2. ಮೂರನೆಯದಕ್ಕೆ ಶುಲ್ಕ 5,000, ತೆರಿಗೆ ಸೇರಿ 5,900. ಅದರೊಡನೆ ವಿಮಾನ ನಿಲ್ದಾಣದ ವಿಶ್ರಾಂತಿ ಗೃಹದ ಪ್ರವೇಶ, ಹೋಟೆಲು ಮತ್ತು ಸಿನಿಮಾ ಟಿಕೆಟುಗಳಲ್ಲಿ ರಿಯಾಯಿತಿ.

ಎರಡನೆಯ ಕಾರ್ಡಿನ ಮೇಲೆ ಎಲ್ಲ ಖರ್ಚನ್ನೂ ಹಾಕಿದರೆ 3,600 ರೂಪಾಯಿ ಮರಳುತ್ತದೆ. ಶುಲ್ಕ ಕಳೆದು ಉಳಿಯುವುದು 650. ಆದುದರಿಂದ ಇದು ಲಾಭಕರವೆಂದು ಗೃಹಸ್ಥನು ತೃಪ್ತಿಪಡುತ್ತಾನೆ. ಆದರೆ ಅದೇ ಖರ್ಚನ್ನು ಮೊದಲನೆಯ ಕಾರ್ಡಿನಲ್ಲಿ ಮಾಡಿದ್ದರೆ ಶುಲ್ಕವಿಲ್ಲದೆ 1,800 ರೂಪಾಯಿ ದೊರೆಯುತ್ತಿತ್ತು. ಅಂದರೆ ಲಾಭವೆಂದು ಕಂಡದ್ದು ನಿಜವಾಗಿ 1,150 ರೂಪಾಯಿಯ ನಷ್ಟ. ಎರಡನೆಯ ಕಾರ್ಡು ತನ್ನ ಶುಲ್ಕವನ್ನು ತಾನೇ ಗಳಿಸಲು 1,47,500 ರೂಪಾಯಿಯ ಖರ್ಚು ಸಾಕೆಂದು ತೋರುತ್ತದೆ. ಆದರೆ ಶುಲ್ಕವಿಲ್ಲದ ಕಾರ್ಡು ಕೈಯಲ್ಲಿರುವಾಗ, ಎರಡರ ನಡುವಣ ವ್ಯತ್ಯಾಸವಾದ ನೂರಕ್ಕೆ 1 ಮಾತ್ರ ಅದರ ನಿಜವಾದ ಗಳಿಕೆ. ಆ ಗಳಿಕೆಯಿಂದ 2,950 ರೂಪಾಯಿ ತುಂಬಬೇಕಾದರೆ ವರ್ಷಕ್ಕೆ 2,95,000 ರೂಪಾಯಿ ಖರ್ಚಾಗಬೇಕು. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಪ್ರತಿಯೊಂದು ಕಾರ್ಡನ್ನೂ ಅವರು ಏನೂ ಇಲ್ಲದ ಸ್ಥಿತಿಗೆ ಹೋಲಿಸುತ್ತಾರೆ. ಹೋಲಿಸಬೇಕಾದುದು ಅದಿಲ್ಲದಿದ್ದರೆ ಬಳಸುತ್ತಿದ್ದ ಇನ್ನೊಂದು ಕಾರ್ಡಿಗೆ.

ಮೂರನೆಯ ಕಾರ್ಡಿನ ಬೆಲೆ ಅದನ್ನು ಹೊಂದಿರುವವನ ಜೀವನಕ್ರಮದ ಮೇಲೆ ನಿಂತಿದೆ. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗಗಳನ್ನು ಪಾಲಿಸುವವನು ವಿಶ್ರಾಂತಿ ಗೃಹದಲ್ಲಿ ಇಟ್ಟಿರುವ ಭಕ್ಷ್ಯಗಳಲ್ಲಿ ಎಷ್ಟನ್ನು ಮುಟ್ಟಿಯಾನು? ಸೂರ್ಯಾಸ್ತದ ನಂತರ ಹೊರಡುವ ವಿಮಾನಕ್ಕೆ ಕಾಯುವವನಿಗೆ ಅಲ್ಲಿನ ಉಚಿತ ಭೋಜನದ ಬೆಲೆ ಶೂನ್ಯ. ಸಿನಿಮಾಕ್ಕೆ ಹೋಗದವನಿಗೆ ಸಿನಿಮಾ ಟಿಕೆಟಿನ ರಿಯಾಯಿತಿಯ ಬೆಲೆಯೂ ಶೂನ್ಯ. ಕಾರ್ಡಿನ ವಿವರಣಾ ಪತ್ರದಲ್ಲಿ ಈ ಸೌಲಭ್ಯಗಳಿಗೆ ಸಾವಿರಾರು ರೂಪಾಯಿಗಳ ಬೆಲೆ ಬರೆದಿರಬಹುದು. ಆದರೆ ತಾನು ಹಣ ಕೊಟ್ಟು ಕೊಳ್ಳದಿದ್ದ ವಸ್ತು ಉಚಿತವಾಗಿ ಬಂದರೂ ಅದು ಉಳಿತಾಯವಲ್ಲ. ಪಾಯಿಂಟುಗಳ ವಿಷಯವೂ ಹೀಗೆಯೇ. ಒಂದು ಪಾಯಿಂಟು ಒಂದು ಕಡೆ ಒಂದು ರೂಪಾಯಿಗೆ ಸಮವಾದರೆ ಇನ್ನೊಂದು ಕಡೆ ಕಾಲು ರೂಪಾಯಿಗೆ ಸಮ. ಅವುಗಳ ಬೆಲೆಯನ್ನು ಇಳಿಸುವ ಅಧಿಕಾರ ಕೊಟ್ಟವರ ಕೈಯಲ್ಲಿದೆ. ಅನೇಕ ಕಾರ್ಡುಗಳಲ್ಲಿ ಅವುಗಳಿಗೆ ಅವಧಿಯೂ ಉಂಟು.

ಈ ಲೆಕ್ಕವೆಲ್ಲ ಒಂದು ಷರತ್ತಿಗೆ ಅಧೀನವಾದುದು. ಪ್ರತಿ ತಿಂಗಳ ಬಾಕಿಯನ್ನು ಕೊನೆಯ ದಿನಾಂಕದೊಳಗೆ ಪೂರ್ಣವಾಗಿ ಸಲ್ಲಿಸಬೇಕು. ಹಾಗೆ ಮಾಡದವನ ಪಾಲಿಗೆ ಬಹುಮಾನವೆಂಬುದೇ ಇಲ್ಲ. ತಿಂಗಳಿಗೆ ನೂರಕ್ಕೆ 3.5ರಂತೆ ಬಡ್ಡಿಯಿದ್ದರೆ ವರ್ಷಕ್ಕೆ ಅದು 42 ಆಗುತ್ತದೆ. 20,000 ರೂಪಾಯಿಯ ಬಾಕಿಯಲ್ಲಿ ಕನಿಷ್ಠ ಮೊತ್ತವೆಂದು 1,000 ರೂಪಾಯಿ ಮಾತ್ರ ಕೊಟ್ಟವನಿಗೆ ಉಳಿದ 19,000ಕ್ಕೆ ಒಂದು ತಿಂಗಳ ಬಡ್ಡಿ 665 ರೂಪಾಯಿ; ಅದರ ಮೇಲಿನ ತೆರಿಗೆ ಸುಮಾರು 120. ಆ 20,000 ರೂಪಾಯಿಯ ಖರ್ಚಿಗೆ ಅವನು ಪಡೆದ ಬಹುಮಾನ ನೂರಕ್ಕೆ 1ರಂತೆ 200 ರೂಪಾಯಿ. ಒಂದು ತಿಂಗಳ ಅಜಾಗ್ರತೆಯು ಸುಮಾರು ನಾಲ್ಕು ತಿಂಗಳ ಬಹುಮಾನವನ್ನು ನುಂಗಿತು. ನೂರಕ್ಕೆ 30ಕ್ಕಿಂತ ಹೆಚ್ಚಿನ ವಾರ್ಷಿಕ ಬಡ್ಡಿಯು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ನೀಡಿತ್ತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಆದುದರಿಂದ ಆ ಮಿತಿಯ ರಕ್ಷಣೆ ಈಗ ಇಲ್ಲ. ಬಾಕಿಯನ್ನು ಮುಂದಿನ ತಿಂಗಳಿಗೆ ಉಳಿಸುವ ಅಭ್ಯಾಸವಿರುವವನು ಯಾವ ಕಾರ್ಡಿನ ಬಹುಮಾನವನ್ನೂ ತೂಗಿ ನೋಡಬೇಕಾಗಿಲ್ಲ. ಎಲ್ಲವನ್ನೂ ಬಿಡುವುದೇ ಅವನಿಗೆ ಶ್ರೇಯಸ್ಕರ.

ಇಷ್ಟು ಲೆಕ್ಕವನ್ನು ವ್ರತಿಯಲ್ಲದ ಜಾಣನೂ ಮಾಡಿಯಾನು. ಬಾಕಿಯನ್ನು ಪೂರ್ಣವಾಗಿ ಸಲ್ಲಿಸಿ, ಶುಲ್ಕವನ್ನು ತೂಗಿ, ಲಾಭವಿರುವ ಕಾರ್ಡನ್ನು ಮಾತ್ರ ಉಳಿಸಿಕೊಂಡವನಲ್ಲಿ ಇನ್ನೇನು ದೋಷ ಉಳಿಯುತ್ತದೆ? ಇಲ್ಲಿ ಎರಡು ವಿಷಯಗಳನ್ನು ಪರಿಶೀಲಿಸಬೇಕಾಗಿದೆ. ಮೊದಲನೆಯದು, ಕಾರ್ಡು ಅವನ ಮನಸ್ಸಿನ ಮೇಲೆ ಮಾಡುವ ಪರಿಣಾಮ. ಎರಡನೆಯದು, ಆ ಬಹುಮಾನ ಯಾರ ಹಣ ಎಂಬುದು.

ಮೊದಲನೆಯದರ ಬಗ್ಗೆ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಗಮನಾರ್ಹವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬುವರು ವಿದ್ಯಾರ್ಥಿಗಳ ನಡುವೆ ಕ್ರೀಡಾಪಂದ್ಯದ ಟಿಕೆಟುಗಳ ಹರಾಜು ನಡೆಸಿದರು. ಕೆಲವರು ನಗದು ಹಣ ಕೊಡಬೇಕೆಂದೂ ಉಳಿದವರು ಕಾರ್ಡಿನಿಂದ ಕೊಡಬೇಕೆಂದೂ ಗೊತ್ತುಪಡಿಸಿದ್ದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರು ಕೂಗಿದುದಕ್ಕಿಂತ ಸರಾಸರಿಯಲ್ಲಿ ಸುಮಾರು ಎರಡು ಪಟ್ಟಾಗಿತ್ತು. ವಸ್ತು ಒಂದೇ, ಕೊಳ್ಳುವ ಜನರೂ ಒಂದೇ ಬಗೆಯವರು. ಹಣ ಕೈಬಿಡುವ ರೀತಿ ಬದಲಾದುದರಿಂದಲೇ ಆಸೆಯ ಅಳತೆ ಬದಲಾಯಿತು. ನೂರಕ್ಕೆ 1 ಅಥವಾ 2ನ್ನು ಮರಳಿ ಪಡೆಯುವವನು, ಕಾರ್ಡು ಇದ್ದುದರಿಂದಲೇ ನೂರಕ್ಕೆ 5ರಷ್ಟು ಹೆಚ್ಚು ಖರ್ಚು ಮಾಡಿದ್ದರೆ ಅವನ ಲೆಕ್ಕದ ಪುಸ್ತಕ ಅದನ್ನು ತೋರಿಸುವುದಿಲ್ಲ. ಏಕೆಂದರೆ ಕೊಳ್ಳಬಾರದಿದ್ದ ವಸ್ತುವೂ ಅಲ್ಲಿ ‘ಮನೆ ಖರ್ಚು’ ಎಂಬ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ.

ವರ್ಷದಲ್ಲಿ ಇಷ್ಟು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ, ಇನ್ನೂ ಇಷ್ಟು ಮಾಡಿದರೆ ಹೆಚ್ಚುವರಿ ಪಾಯಿಂಟು ಎಂಬ ಷರತ್ತುಗಳು ಈ ದೋಷವನ್ನು ಬೆಳೆಸುತ್ತವೆ. ಮಾರ್ಚ್ ತಿಂಗಳಲ್ಲಿ ಹದಿನೈದು ಸಾವಿರ ರೂಪಾಯಿ ಕಡಿಮೆ ಬಿದ್ದಿತೆಂದು ಗೃಹಸ್ಥನು ಕೊಳ್ಳಲು ವಸ್ತುವನ್ನು ಹುಡುಕತೊಡಗುತ್ತಾನೆ. ಬೇಕಾದುದಕ್ಕಾಗಿ ಹಣ ಕೊಡುವ ಕ್ರಮ ತಿರುಗಿ, ಹಣ ಕೊಡುವುದಕ್ಕಾಗಿ ಬೇಕಾದುದನ್ನು ಸೃಷ್ಟಿಸಿಕೊಳ್ಳುವ ಕ್ರಮವಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭಗಳು ಸೇರಿವೆ. ಮುಂದೆ ಲಾಭ ಬಂದೀತೆಂದು ಕೂಡಿಡುವುದು, ಇತರರ ಹೆಚ್ಚಿನ ಲಾಭವನ್ನು ಕಂಡು ಮನಸ್ಸು ಕಲಕಿಹೋಗುವುದು, ಬಂದ ಲಾಭ ಸಾಲದೆಂದು ಇನ್ನೂ ಬಯಸುವುದು ಎಂಬ ಈ ಮೂರೂ ಪಾಯಿಂಟುಗಳನ್ನು ಕೂಡಿಸುವವನ ದಿನಚರಿಯಲ್ಲಿ ಕಾಣಿಸುತ್ತವೆ. ನೆರೆಮನೆಯವನು ತನ್ನ ಪಾಯಿಂಟುಗಳಿಂದ ಸಿಂಗಪುರಕ್ಕೆ ಹೋಗಿಬಂದನೆಂದು ಕೇಳಿ ನಿದ್ರೆಗೆಡುವವನ ಮನೆಗೆ ಬಡ್ಡಿಯ ಹೊರೆ ಇಲ್ಲದಿರಬಹುದು, ವ್ರತಭಂಗವೂ ಆಗದಿರಬಹುದು, ಅತಿಚಾರ ಮಾತ್ರ ಹೊಸ್ತಿಲಿಗೆ ಬಂದಿದೆ.

ಇನ್ನು ಬಹುಮಾನ ಯಾರ ಹಣ ಎಂಬ ಎರಡನೆಯ ವಿಷಯ. ಕೊಳ್ಳುವವನು ಕಾರ್ಡಿನಿಂದ 1,000 ರೂಪಾಯಿ ಕೊಟ್ಟರೆ ಅಂಗಡಿಯವನಿಗೆ ಸಾವಿರವೂ ಸೇರುವುದಿಲ್ಲ. ಶುಲ್ಕ ನೂರಕ್ಕೆ 2 ಎಂದಿಟ್ಟುಕೊಂಡರೆ ಅವನ ಕೈಗೆ 980 ಬರುತ್ತದೆ. ಕಳೆದ 20 ರೂಪಾಯಿಯಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಬಹುಮಾನ ಹೊರಡುವುದು ಮುಖ್ಯವಾಗಿ ಆ ಪಾಲಿನಿಂದ. ಆಸ್ಟ್ರೇಲಿಯದಲ್ಲಿ 2003ರಲ್ಲಿ ಈ ಶುಲ್ಕವನ್ನು ಸರಕಾರಿ ನಿಯಮದಿಂದ ಇಳಿಸಿದಾಗ ಪಾಯಿಂಟುಗಳ ಬೆಲೆಯೂ ಇಳಿಯಿತು. ಯುರೋಪಿನ ಒಕ್ಕೂಟವು 2015ರಲ್ಲಿ ಬ್ಯಾಂಕಿನ ಪಾಲಿಗೆ ನೂರಕ್ಕೆ 0.3ರ ಮಿತಿಯನ್ನು ಹಾಕಿತು. ಮೂಲ ಬತ್ತಿದಾಗ ಕಾಲುವೆಯೂ ಬತ್ತುವುದು ಸಹಜ.

ಅಂಗಡಿಯವನು ಈ ಶುಲ್ಕವನ್ನು ತನ್ನ ಲಾಭದಿಂದ ಕೊಡಬೇಕು, ಇಲ್ಲವೆ ಬೆಲೆಯಲ್ಲಿ ಸೇರಿಸಬೇಕು. ಬೆಲೆಯಲ್ಲಿ ಸೇರಿಸಿದರೆ ನಗದು ಕೊಟ್ಟು ಕೊಳ್ಳುವವನೂ ಅದನ್ನು ಹೊರುತ್ತಾನೆ; ಅವನಿಗೆ ಮಾತ್ರ ಬಹುಮಾನವಿಲ್ಲ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಆ ದೇಶಕ್ಕೆ ಸಂಬಂಧಿಸಿದಂತೆ ಈ ಲೆಕ್ಕವನ್ನು ಮಾಡಿದರು. ನಗದು ಬಳಸುವ ಕುಟುಂಬವು ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡು ಬಳಸುವವರಿಗೆ ತೆರುತ್ತದೆ, ಕಾರ್ಡಿನ ಕುಟುಂಬವು 1,133 ಡಾಲರ್ ಪಡೆಯುತ್ತದೆ ಎಂದು ಅವರು ಅಂದಾಜು ಮಾಡಿದರು. ಸುಮಿತ್ ಅಗರ್‌ವಾಲ್ ಮತ್ತು ಅವರ ಸಂಗಡಿಗರು 2023ರ ಪ್ರಬಂಧದಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ಬಡ್ಡಿ ಕಟ್ಟುತ್ತ ಹೋಗುವವರಿಂದ ಜಾಣತನದಿಂದ ಬಹುಮಾನ ಪಡೆಯುವವರ ಕಡೆಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಹರಿಯುತ್ತದೆಂದು ಅವರ ಅಂದಾಜು. ಈ ಅಂಕೆಗಳು ಆ ದೇಶದವು. ಭಾರತಕ್ಕೆ ಇವನ್ನೇ ಹೊಂದಿಸುವುದು ಸರಿಯಲ್ಲ. ಆದರೆ ಶುಲ್ಕ, ಬಡ್ಡಿ, ಬಹುಮಾನಗಳ ಸಂಬಂಧ ಇಲ್ಲಿಯೂ ಅದೇ ಆಗಿದೆ. ಹೀಗಾಗಿ ‘ಬ್ಯಾಂಕು ಕೊಟ್ಟಿತು’ ಎಂದು ಗೃಹಸ್ಥನು ಭಾವಿಸುವ ಹಣದಲ್ಲಿ ಕಿರಾಣಿ ಅಂಗಡಿಯವನ ಲಾಭದ ಅಂಶವಿದೆ, ಕಾರ್ಡೇ ಇಲ್ಲದ ಕೂಲಿಯವನ ಅಂಶವಿದೆ, ಬಡ್ಡಿಯಲ್ಲಿ ಸಿಕ್ಕಿಕೊಂಡ ಯಾವನೋ ಸಂಸಾರಿಯ ಅಂಶವೂ ಇದೆ.

ಹಾಗಾದರೆ ಬಹುಮಾನವನ್ನು ಸ್ವೀಕರಿಸುವುದು ಅದತ್ತಾದಾನವೇ? ಅಷ್ಟು ಕಠಿಣವಾಗಿ ಹೇಳಲಾಗದು. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಚೌರ್ಯವಲ್ಲ; ಎಲ್ಲವೂ ಕಾನೂನಿನ ಮಿತಿಯಲ್ಲಿ, ಪ್ರಕಟವಾದ ಷರತ್ತುಗಳಂತೆ ನಡೆದಿದೆ. ಇಲ್ಲಿ ಇನ್ನೊಂದು ಆಕ್ಷೇಪವೂ ಬರುತ್ತದೆ. ಒಬ್ಬ ಶ್ರಾವಕನು ತನ್ನ 1,800 ರೂಪಾಯಿಯನ್ನು ತ್ಯಜಿಸಿದರೆ ಅಕ್ಕಿಯ ಬೆಲೆ ಇಳಿಯುವುದಿಲ್ಲ, ಸಾಲಗಾರನ ಬಡ್ಡಿಯೂ ಇಳಿಯುವುದಿಲ್ಲ. ಆ ಹಣ ಬ್ಯಾಂಕಿನಲ್ಲಿಯೇ ಉಳಿಯುತ್ತದೆ. ಯಾರಿಗೂ ಉಪಕಾರವಾಗದ ಈ ತ್ಯಾಗದಿಂದ ಏನು ಪ್ರಯೋಜನ? ಈ ಆಕ್ಷೇಪದಲ್ಲಿ ಸತ್ಯವಿದೆ. ಆದುದರಿಂದ ಬಹುಮಾನವನ್ನು ನಿರಾಕರಿಸುವುದಕ್ಕಿಂತ, ಹಾನಿ ಎಲ್ಲಿ ತನ್ನ ಕೈಯಿಂದಲೇ ಆಗುತ್ತದೆಯೋ ಅಲ್ಲಿ ಕೈಯನ್ನು ಹಿಂತೆಗೆಯುವುದು ಹೆಚ್ಚು ಸಾರ್ಥಕ. ಅಂತಹ ಎಡೆಗಳು ಎರಡಿವೆ.

ಒಂದು, ಚಿಕ್ಕ ಅಂಗಡಿ. ಬ್ಯಾಂಕ್ ಖಾತೆಯಿಂದ ನೇರವಾಗಿ ಯುಪಿಐ ಮೂಲಕ ಕೊಡುವ ಹಣದ ಮೇಲೆ ಅಂಗಡಿಯವನು ತೆರಬೇಕಾಗಿದ್ದ ಶುಲ್ಕವನ್ನು 2020ರ ಜನವರಿ 1ರಿಂದ ತೆಗೆದುಹಾಕಲಾಯಿತು. ತರಕಾರಿಯವಳಿಗೆ, ಔಷಧದ ಅಂಗಡಿಗೆ, ಕಿರಾಣಿಯವನಿಗೆ ಹೀಗೆ ಕೊಟ್ಟರೆ ಅಥವಾ ನಗದು ಕೊಟ್ಟರೆ ಸಾವಿರಕ್ಕೆ ಸಾವಿರವೂ ಅವರಿಗೆ ಸೇರುತ್ತದೆ. ಕೊಳ್ಳುವವನು ಕಳೆದುಕೊಳ್ಳುವುದು ಹತ್ತು ರೂಪಾಯಿಯ ಬಹುಮಾನ. ಮಾರುವವನು ಉಳಿಸಿಕೊಳ್ಳುವುದು ಅದಕ್ಕಿಂತ ಹೆಚ್ಚು. ಈ ತ್ಯಾಗ ನಿಷ್ಫಲವಲ್ಲ. ಅದರ ಫಲ ಎದುರಿನಲ್ಲಿಯೇ ಕುಳಿತಿರುವವನಿಗೆ ದೊರೆಯುತ್ತದೆ. ರೈಲು, ವಿಮಾನ, ವಿಮೆ, ದೊಡ್ಡ ಕಂಪನಿಗಳ ವ್ಯವಹಾರಕ್ಕೆ ಕಾರ್ಡನ್ನು ಮೀಸಲಿಡಬಹುದು.

ಎರಡು, ಪರಿಚಯದ ಬಹುಮಾನ. ಬಂಧುಗಳಿಗೋ ಸ್ನೇಹಿತರಿಗೋ ಕಾರ್ಡು ಕೊಡಿಸಿದರೆ ಇಷ್ಟು ಪಾಯಿಂಟು ಎಂದು ಹಲವು ಬ್ಯಾಂಕುಗಳು ಆಸೆ ತೋರಿಸುತ್ತವೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ಬಲ್ಲವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಸೋದರಳಿಯನಿಗೆ ಈಗಷ್ಟೇ ಉದ್ಯೋಗ ಸಿಕ್ಕಿದೆ. ಹಣವನ್ನು ಹಿಡಿದಿಡುವ ಅಭ್ಯಾಸ ಅವನಿಗಿಲ್ಲವೆಂದು ಮಾವನಿಗೆ ಗೊತ್ತು. ಅವನ ಹೆಸರು ಬರೆಸಿ ಸಾವಿರ ರೂಪಾಯಿಯ ಬಹುಮಾನ ಪಡೆದ ಮಾವನು, ಮುಂದೆ ಆ ಹುಡುಗನು ನೂರಕ್ಕೆ 42ರ ಬಡ್ಡಿಯಲ್ಲಿ ಬಿದ್ದಾಗ, ತಾನು ಸಾಲ ಕೊಟ್ಟವನಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರನು. ಅವನು ಸಾಲ ಕೊಡಲಿಲ್ಲ, ಕೊಡಿಸಿದನು. ಬಹುಮಾನಗಳಲ್ಲಿ ಮೊದಲು ಬಿಡಬೇಕಾದುದು ಇದು. ಇದನ್ನು ಬಿಡಲು ಲೆಕ್ಕದ ಪುಸ್ತಕವನ್ನು ತೆರೆಯಬೇಕಾದ ಅವಶ್ಯಕತೆಯೂ ಇಲ್ಲ.

ಕಾರ್ಡನ್ನೇ ಇಟ್ಟುಕೊಳ್ಳಬಾರದೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ನಡುರಾತ್ರಿಯಲ್ಲಿ ಆಸ್ಪತ್ರೆಯು ಮುಂಗಡ ಹಣ ಕೇಳಿದಾಗ, ದೂರದ ಊರಿನಲ್ಲಿ ಮಗಳ ಪರೀಕ್ಷಾ ಶುಲ್ಕವನ್ನು ತುಂಬಬೇಕಾದಾಗ ಕಾರ್ಡು ನಿಜವಾದ ಆಸರೆ. ಸರ್ವಸಂಗ ಪರಿತ್ಯಾಗಿಗಳಾದ ಮುನಿಗಳ ಬಳಿಯಲ್ಲಿಯೂ ಪಿಂಛಿ, ಕಮಂಡಲು, ಶಾಸ್ತ್ರ ಎಂಬ ಮೂರು ಇವೆ. ಅವು ಸಂಯಮಕ್ಕೆ, ಶೌಚಕ್ಕೆ, ಜ್ಞಾನಕ್ಕೆ ಉಪಕರಣಗಳೇ ಹೊರತು ಪರಿಗ್ರಹವಲ್ಲ. ಗೃಹಸ್ಥನನ್ನು ಮುನಿಗೆ ಹೋಲಿಸುವುದು ಉಚಿತವಲ್ಲವಾದರೂ ವಸ್ತುವನ್ನು ಉಳಿಸಿಕೊಳ್ಳುವುದಕ್ಕೆ ಇರುವ ಈ ಮಾನದಂಡ ಅವನಿಗೂ ಉಪಯುಕ್ತವಾಗಿದೆ. ಯಾವ ಕಾರ್ಡು ಮನೆಯ ಕೆಲಸವೊಂದನ್ನು ಮಾಡಿ ಮತ್ತೆ ಕಪಾಟಿಗೆ ಮರಳುತ್ತದೆಯೋ ಅದು ಉಪಕರಣ. ಯಾವುದರ ಷರತ್ತನ್ನು ಪೂರೈಸಲು ಮನೆಯವರೇ ಕೆಲಸ ಮಾಡಬೇಕಾಗುತ್ತದೆಯೋ ಅದು ಪರಿಗ್ರಹ.

ಇವೆರಡನ್ನೂ ಬೇರ್ಪಡಿಸಿ ನೋಡಲು ಒಂದು ಸುಲಭ ಉಪಾಯವುಂಟು. ಭೋಗೋಪಭೋಗಗಳ ತ್ಯಾಗದಲ್ಲಿ ಯಾವಜ್ಜೀವ ಪಾಲಿಸುವ ಯಮ, ಕಾಲಮಿತಿಯುಳ್ಳ ನಿಯಮ ಎಂದು ಎರಡು ವಿಧಗಳನ್ನು ಆಚಾರ್ಯರು ಹೇಳಿದ್ದಾರೆ. ಚಾತುರ್ಮಾಸದ ನಾಲ್ಕು ತಿಂಗಳು ಕಾರ್ಡುಗಳನ್ನೆಲ್ಲ ಮುಟ್ಟದೆ, ಆಪತ್ಕಾಲವನ್ನು ಮಾತ್ರ ಹೊರತುಪಡಿಸಿ, ಖಾತೆಯಲ್ಲಿರುವ ಹಣದಿಂದಲೇ ವ್ಯವಹರಿಸುವ ನಿಯಮವನ್ನು ತೆಗೆದುಕೊಳ್ಳಬಹುದು. ಕೊನೆಯಲ್ಲಿ ಆ ನಾಲ್ಕು ತಿಂಗಳ ಖರ್ಚನ್ನು ಹಿಂದಿನ ನಾಲ್ಕು ತಿಂಗಳ ಖರ್ಚಿನೊಂದಿಗೆ ಹೋಲಿಸಬೇಕು. ಮದುವೆ, ಶಾಲೆಯ ಶುಲ್ಕ ಮುಂತಾದ ವಿಶೇಷ ಖರ್ಚುಗಳನ್ನು ಎರಡು ಕಡೆಯಿಂದಲೂ ಕಳೆದ ಮೇಲೆ ಉಳಿಯುವ ವ್ಯತ್ಯಾಸವು ಕಾರ್ಡಿನ ನಿಜವಾದ ಬೆಲೆಯನ್ನು ಹೇಳುತ್ತದೆ. ವ್ಯತ್ಯಾಸವಿಲ್ಲದಿದ್ದರೆ ಕಾರ್ಡು ಆ ಮನೆಯವರ ಆಸೆಯನ್ನು ಬೆಳೆಸಿಲ್ಲ. ಶುಲ್ಕವಿಲ್ಲದ ಒಂದನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ಖರ್ಚು ಗಣನೀಯವಾಗಿ ಇಳಿದಿದ್ದರೆ ಬಹುಮಾನದ ಮಾತನ್ನೇ ಬಿಡುವುದು ಲೇಸು.

ಬಿಡುವ ಕ್ರಮವನ್ನೂ ತಿಳಿದಿರಬೇಕು. ಬಾಕಿಯನ್ನು ಪೂರ್ಣವಾಗಿ ತೀರಿಸಿ, ಉಳಿದ ಪಾಯಿಂಟುಗಳನ್ನು ಉಪಯೋಗಿಸಿ, ಆ ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತಿರುವ ವಿಮೆ, ದೂರವಾಣಿ ಮುಂತಾದ ಪಾವತಿಗಳನ್ನು ಬೇರೆಡೆಗೆ ಬದಲಾಯಿಸಿ, ನಂತರ ಮುಕ್ತಾಯದ ಕೋರಿಕೆಯನ್ನು ಸಲ್ಲಿಸಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಕಾರ್ಡನ್ನು ಮುಕ್ತಾಯಗೊಳಿಸಬೇಕೆಂದೂ, ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕನಿಗೆ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ವಿಧಿಸಿತು. ಮುಕ್ತಾಯವಾದುದಕ್ಕೆ ಲಿಖಿತ ದೃಢೀಕರಣವನ್ನು ಪಡೆದು ಇಟ್ಟುಕೊಳ್ಳುವುದು ಕ್ಷೇಮ. ಕಾರ್ಡುಗಳನ್ನು ಮುಚ್ಚಿದರೆ ಸಾಲದ ಅರ್ಹತೆಯ ಅಂಕ ಇಳಿಯುವುದೆಂಬ ಭಯ ಕೆಲವರಲ್ಲಿದೆ. ಒಟ್ಟು ಸಾಲಮಿತಿ ತಗ್ಗಿ, ಬಳಕೆಯ ಪ್ರಮಾಣ ಏರಿದಂತೆ ಕಾಣುವುದರಿಂದ ಅಂಕ ಸ್ವಲ್ಪ ಇಳಿಯಬಹುದು. ಗೃಹಸಾಲಕ್ಕೆ ಅರ್ಜಿ ಹಾಕುವ ಕಾಲ ಸಮೀಪಿಸಿದ್ದರೆ ಅದು ಮುಗಿಯುವವರೆಗೆ ತಡೆಯಬಹುದು. ಶುಲ್ಕವಿಲ್ಲದ ಹಳೆಯ ಕಾರ್ಡೊಂದನ್ನು ಉಳಿಸಿಕೊಳ್ಳುವುದೂ ಒಳ್ಳೆಯದು. ಆದರೆ ಮುಂದೆಂದೋ ಮಾಡಬಹುದಾದ ಸಾಲದ ಅರ್ಹತೆಗಾಗಿ ಇಂದು ಐದು ಕಾರ್ಡುಗಳನ್ನು ಸಾಕುವುದು, ಬಾರದ ಅತಿಥಿಗಾಗಿ ದಿನವೂ ಒಲೆ ಹೊತ್ತಿಸಿಡುವುದಕ್ಕೆ ಸಮಾನ.

ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಲೋಭದ ಮಲವನ್ನು ತೊಳೆಯುವ ವಿಚಾರ ಪ್ರತಿವರ್ಷವೂ ಪ್ರವಚನದಲ್ಲಿ ಕೇಳಿಬರುತ್ತದೆ. ಲೋಭವು ದೊಡ್ಡ ಸಂಪತ್ತಿನ ರೂಪದಲ್ಲಿ ಬಂದಾಗ ಶ್ರಾವಕನು ಅದನ್ನು ಗುರುತಿಸುತ್ತಾನೆ. ನೂರಕ್ಕೆ ಒಂದು ರೂಪಾಯಿಯ ರೂಪದಲ್ಲಿ, ಉಳಿತಾಯವೆಂಬ ಒಳ್ಳೆಯ ಹೆಸರಿನಲ್ಲಿ ಬಂದಾಗ ಗುರುತಿಸುವುದು ಕಷ್ಟ. ಆ ದಿನ ಪೂಜೆ ಮುಗಿಸಿ ಮನೆಗೆ ಬಂದವರು ಕಪಾಟಿನ ಕಾರ್ಡುಗಳನ್ನು ತೆಗೆದು ಮೇಜಿನ ಮೇಲಿಟ್ಟು, ಒಂದೊಂದರ ಶುಲ್ಕವನ್ನೂ ಕಳೆದ ವರ್ಷ ಅದು ಮಾಡಿದ ಕೆಲಸವನ್ನೂ ಒಂದು ಕಾಗದದಲ್ಲಿ ಬರೆದು ನೋಡಿದರೆ, ಯಾವುದು ಉಳಿಯಬೇಕೆಂಬುದು ಮನೆಮಂದಿಗೆಲ್ಲ ಒಮ್ಮೆಗೇ ತಿಳಿಯುತ್ತದೆ.